ಬೇರೆಯವರ ಬರಹವನ್ನ ನಮ್ಮ ವೆಬ್‌ಸೈಟಲ್ಲಿ ಹಾಕ್ಕೊಳ್ಳೋದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಒಳ್ಳೆ ಲೇಖನ ಒಂದು ಕಣ್ಣಿಗೆ ಬೀಳತ್ತೆ, ಇದು ನಮ್ಮ ಸೈಟ್ ಓದೋರಿಗೂ ಸಿಗ್ಬೇಕು ಅನ್ಸತ್ತೆ, ಪೂರ್ತಿ ಸೆಲೆಕ್ಟ್ ಮಾಡಿ ಕಾಪಿ ಮಾಡಿ ಪೇಸ್ಟ್ ಮಾಡಿ ಕೊನೇಲಿ 'ಕೃಪೆ: ಅಂತರ್ಜಾಲ' ಅಂತ ಒಂದು ಸಾಲು ಹಾಕಿದ್ರೆ ಕೆಲ್ಸ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಂತರ್ಜಾಲ ಯಾವತ್ತೂ ಕೂತು ಲೇಖನ ಬರೆದಿಲ್ಲ ಮಾರಾಯ್ರೆ, ಬರೆದೋರು ಯಾರೋ ಒಬ್ರು ಇದ್ದೇ ಇರ್ತಾರೆ. ಅವರು ಯಾರು ಅಂತ ಹುಡುಕೋದು, ಅವರನ್ನ ಕೇಳೋದು, ಕೇಳೋ ಅಗತ್ಯ ಇಲ್ದಿದ್ರೆ ಯಾಕೆ ಇಲ್ಲ ಅಂತ ತಿಳ್ಕೊಳ್ಳೋದು, ಇದನ್ನೆಲ್ಲ ಯಾವ ಕ್ರಮದಲ್ಲಿ ಮಾಡ್ಬೇಕು ಅಂತ ಇಲ್ಲಿ ಹೇಳ್ತಾ ಹೋಗ್ತೀನಿ.

ಶುರು ಮಾಡೋ ಮುಂಚೆ ಒಂದು ವಿಷ್ಯ ತಲೇಲಿ ಗಟ್ಟಿಯಾಗಿ ಕೂರಿಸ್ಕೊಳ್ಳಿ, ಜನ ಎಡವೋದು ಬಹುಪಾಲು ಇಲ್ಲೇ. ಅನುಮತಿ ಬೇರೆ, ಕ್ರೆಡಿಟ್ ಬೇರೆ. ನಿನ್ನೆ ಬಂದ ಲೇಖನಾನ ಲೇಖಕರ ಹೆಸರು, ಲಿಂಕು, ವಂದನೆ ಎಲ್ಲಾ ಸಮೇತ ಪೂರ್ತಿ ಎತ್ತಿ ಹಾಕಿದ್ರೆ ಅದು ಕೃತಿಚೌರ್ಯ ಆಗಲ್ಲ, ಆದ್ರೆ ಕಾಪಿರೈಟ್ ಉಲ್ಲಂಘನೆ ಖಂಡಿತ ಆಗತ್ತೆ. ಅದೇ ಥರ, ಬರೆದೋರು ತೀರಿಕೊಂಡು ನೂರಾರು ವರ್ಷ ಆಗಿರೋ ಪುಸ್ತಕದ ಒಂದು ಅಧ್ಯಾಯ ತಗೊಂಡು ಹೆಸರು ತೆಗೆದು ನಮ್ಮದೇ ಅನ್ನೋ ಹಾಗೆ ಹಾಕಿದ್ರೆ ಕಾಪಿರೈಟ್ ತಕರಾರು ಬರದೇ ಇರಬಹುದು, ಆದ್ರೂ ಅದು ಕಳ್ಳತನಾನೇ. ಎರಡನ್ನೂ ಬೇರೆ ಬೇರೆಯಾಗಿ ಪ್ರತಿ ಸಲ ಕೇಳ್ಕೋಬೇಕು. ಮುಂದಿನ ಹೆಜ್ಜೆಗಳಲ್ಲಿ ಕೆಲವು ಒಂದನೇ ಪ್ರಶ್ನೆಗೆ, ಕೆಲವು ಎರಡನೇದಕ್ಕೆ.

(ನಾನು ವಕೀಲ ಅಲ್ಲ. ದೊಡ್ಡ ದುಡ್ಡು ಒಳಗೊಂಡಿದ್ರೆ ಅಥವಾ ಈಗಾಗ್ಲೇ ನೋಟಿಸ್ ಬಂದಿದ್ರೆ ಇದನ್ನ ಓದ್ತಾ ಕೂರೋ ಬದಲು ವಕೀಲರ ಹತ್ರ ಹೋಗಿ.)

ಹೆಜ್ಜೆ 1: ನಿಜವಾಗ್ಲೂ ಕಾಪಿ ಮಾಡ್ಲೇಬೇಕಾ?

ಹತ್ತರಲ್ಲಿ ಏಳೆಂಟು ಸಲ ಬೇಕಾಗಿರಲ್ಲ. ಆ ಲೇಖನದಲ್ಲಿ ಏನಿದೆ, ಯಾಕೆ ಓದ್ಬೇಕು ಅಂತ ನಿಮ್ಮ ಮಾತಲ್ಲಿ ನಾಲ್ಕು ಸಾಲು ಬರೆದು ಲಿಂಕ್ ಕೊಟ್ರೆ ಓದೋರಿಗೂ ಸಾಕು, ಬರೆದೋರಿಗೂ ಖುಷಿ, ಯಾಕಂದ್ರೆ ಓದುಗರು ಅವರ ಸೈಟಿಗೇ ಹೋಗ್ತಾರೆ. ಎಲ್ಲರಿಗೂ ತೆರೆದಿರೋ ಪುಟಕ್ಕೆ ಲಿಂಕ್ ಕೊಡೋಕೆ ಯಾರನ್ನೂ ಕೇಳೋದು ಬೇಡ, ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಸ್ವೆನ್ಸನ್ ಕೇಸಲ್ಲಿ ಇದನ್ನೇ ಹೇಳಿದ್ದು. ಆದ್ರೆ ಒಂದು ಎಚ್ಚರಿಕೆ ಇದೆ. ಕದ್ದು ಹಾಕಿರೋ ಪಿಡಿಎಫ್‌ಗೆ ಲಿಂಕ್ ಕೊಟ್ರೆ ಕಥೆ ಬೇರೆ. ಅದೇ ನ್ಯಾಯಾಲಯ 2016ರಲ್ಲಿ ಜಿಎಸ್ ಮೀಡಿಯಾ ಕೇಸಲ್ಲಿ, ಲಾಭಕ್ಕೆ ಅಂತ ಸೈಟ್ ನಡೆಸೋರು ಲಿಂಕ್ ಕೊಡೋ ಮುಂಚೆ ಅದು ಅಕ್ರಮವಾಗಿ ಹಾಕಿದ್ದಾ ಅಂತ ನೋಡ್ಕೊಂಡಿರ್ಬೇಕು, ಗೊತ್ತಿತ್ತು ಅಂತಲೇ ನಾವು ಅಂದ್ಕೊಳ್ತೀವಿ ಅಂತು. ಹಾಗಾಗಿ 'ನಾನು ಲಿಂಕ್ ಮಾತ್ರ ಕೊಟ್ಟೆ' ಅಂತ ಎಲ್ಲಾ ಕಡೆ ಕೈ ತೊಳ್ಕೊಳ್ಳೋಕಾಗಲ್ಲ.

ಇನ್ನೊಂದು, ನಿಮಗೆ ಬೇಕಾಗಿರೋದು ಲೇಖನದ ವಾಕ್ಯಗಳಾ ಅಥವಾ ಅದರಲ್ಲಿರೋ ಮಾಹಿತಿನಾ ಅಂತ ಯೋಚ್ನೆ ಮಾಡಿ. ಮಾಹಿತಿ ಯಾರ ಸ್ವತ್ತೂ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1991ರ ಫೈಸ್ಟ್ ಕೇಸಲ್ಲಿ, ಟೆಲಿಫೋನ್ ಡೈರೆಕ್ಟರಿಯ ಹೆಸರು-ನಂಬರ್ ಪಟ್ಟಿನ ಇನ್ನೊಂದು ಕಂಪನಿ ಎತ್ಕೊಂಡ್ರೂ ಅದು ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತು, ಕಷ್ಟಪಟ್ಟು ಕಲೆಹಾಕಿದ್ದು ಅನ್ನೋ ಕಾರಣಕ್ಕೆ ಸತ್ಯಾಂಶಗಳಿಗೆ ಕಾಪಿರೈಟ್ ಬರಲ್ಲ. ಘಟನೆ, ದಿನಾಂಕ, ಅಳತೆ, ಐಡಿಯಾ, ವಿಧಾನ ಇವೆಲ್ಲ ಎಲ್ಲರವು. ಅದನ್ನ ಹೇಳಿರೋ ರೀತಿ, ಅಂದ್ರೆ ವಾಕ್ಯ, ಜೋಡಣೆ, ಹೋಲಿಕೆ, ಅದು ಬರೆದೋರದ್ದು.

ಹೆಜ್ಜೆ 2: ಇದು ಯಾರದ್ದು ಅಂತ ಪತ್ತೆ ಮಾಡಿ

ನಿಮ್ಮ ಕೈಗೆ ಸಿಕ್ಕಿರೋದು ಮೂಲ ಅಂತ ನಂಬ್ಬೇಡಿ. ವಾಟ್ಸಾಪಲ್ಲಿ ಬಂದಿದ್ದು, ಫೇಸ್‌ಬುಕ್ಕಲ್ಲಿ 'ಸಂಗ್ರಹ' ಅಂತ ಹಾಕಿದ್ದು, ಯಾವುದೋ ಸೈಟಲ್ಲಿ ಅಡ್ಮಿನ್ ಹೆಸರಲ್ಲಿ ಇರೋದು, ಇವೆಲ್ಲ ಬಹುಪಾಲು ಮೂರನೇ ನಾಲ್ಕನೇ ಕೈ. ಲೇಖನದ ಮಧ್ಯದಿಂದ ಒಂದು ವಿಶಿಷ್ಟವಾದ ವಾಕ್ಯ ತಗೊಳ್ಳಿ, ಮೊದಲ ವಾಕ್ಯ ಬೇಡ, ಕಾಪಿ ಮಾಡೋರು ಮೊದಲು ಬದಲಾಯಿಸೋದೇ ಅದನ್ನ. ಆ ವಾಕ್ಯವನ್ನ ಉದ್ಧರಣ ಚಿಹ್ನೆ ಒಳಗೆ ಹಾಕಿ ಸರ್ಚ್ ಮಾಡಿ. ಐದಾರು ಕಡೆ ಸಿಕ್ರೆ ಯಾವುದು ಹಳೇದು ಅಂತ ನೋಡಿ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಪುಟದ ವಿಳಾಸ ಹಾಕಿದ್ರೆ ಅದು ಯಾವಾಗಿಂದ ಅಲ್ಲಿದೆ ಅನ್ನೋ ಅಂದಾಜು ಸಿಗತ್ತೆ.

ಬರೆದೋರು ಸಿಕ್ಕಿದ್ರೂ ಹಕ್ಕು ಅವರ ಹತ್ರಾನೇ ಇದೆ ಅಂತ ಹೇಳಕ್ಕಾಗಲ್ಲ. ಸಂಬಳಕ್ಕೆ ಬರೆದಿದ್ರೆ ಸಾಮಾನ್ಯವಾಗಿ ಸಂಸ್ಥೆದು, ಫ್ರೀಲ್ಯಾನ್ಸ್ ಆಗಿ ಬರೆದಿದ್ರೆ ಒಪ್ಪಂದ ಹೇಗಿದೆಯೋ ಹಾಗೆ, ಪುಸ್ತಕ ಆದ್ರೆ ಪ್ರಕಾಶಕರ ಹತ್ರ ಇರಬಹುದು, ಲೇಖಕರು ತೀರಿಕೊಂಡಿದ್ರೆ ವಾರಸುದಾರರ ಹತ್ರ. ಅನುವಾದ ಆಗಿದ್ರೆ ಎರಡು ಹಕ್ಕು ಇರತ್ತೆ, ಮೂಲ ಬರೆದೋರದ್ದು ಒಂದು, ಅನುವಾದ ಮಾಡಿದೋರದ್ದು ಇನ್ನೊಂದು.

ಪುಟದಲ್ಲಿ ಕಾಪಿರೈಟ್ ಚಿಹ್ನೆ ಇಲ್ಲ, ರಿಜಿಸ್ಟರ್ ಮಾಡ್ಸಿಲ್ಲ, ಹಾಗಾಗಿ ಯಾರ್ದೂ ಅಲ್ಲ ಅನ್ನೋ ವಾದ ಇವತ್ತಿಗೂ ಕೇಳ್ತಾ ಇರ್ತೀವಿ. ಕಾಪಿರೈಟ್ ಬಗ್ಗೆ ದೇಶಗಳು ಮಾಡ್ಕೊಂಡಿರೋ 1886ರ ಬರ್ನ್ ಒಪ್ಪಂದ ಈಗ 180ಕ್ಕೂ ಹೆಚ್ಚು ದೇಶಗಳಲ್ಲಿ ಜಾರಿಲಿದೆ, ಅದರ ಪ್ರಕಾರ ಬರೆದ ತಕ್ಷಣ ಹಕ್ಕು ತಾನಾಗೇ ಹುಟ್ಟತ್ತೆ, ಚಿಹ್ನೆನೂ ಬೇಡ ಅರ್ಜಿನೂ ಬೇಡ. ಚಿಹ್ನೆ ಬೇಕು ಅಂತ ಕೊನೆವರೆಗೂ ಹಟ ಹಿಡಿದ ದೊಡ್ಡ ದೇಶ ಅಮೆರಿಕ, ಅದೂ 1989ರಲ್ಲಿ ಒಪ್ಪಂದಕ್ಕೆ ಸೇರ್ಕೊಂಡಿತು. ಯಾರೋ ಒಬ್ರು ಫೇಸ್‌ಬುಕ್ಕಲ್ಲಿ ಬರೆದ ಉದ್ದನೇ ಪೋಸ್ಟಿಗೂ ಅದೇ ರಕ್ಷಣೆ.

ಬರೆದೋರು ಸಿಗ್ಲೇ ಇಲ್ವಾ? ಹಾಗಾದ್ರೆ ಪೂರ್ತಿ ಹಾಕ್ಬೇಡಿ. 'ಮೂಲ ಲೇಖಕರು ಗೊತ್ತಿಲ್ಲ, ಅವರಿಗೆ ವಂದನೆಗಳು' ಅನ್ನೋದು ಅನುಮತಿ ಪತ್ರ ಅಲ್ಲ.

ಹೆಜ್ಜೆ 3: ಹಕ್ಕಿನ ಅವಧಿ ಮುಗಿದಿದೆಯಾ ನೋಡಿ

ಮುಗಿದಿದ್ರೆ ಅದು ಪಬ್ಲಿಕ್ ಡೊಮೇನ್, ಪೂರ್ತಿ ಹಾಕಬಹುದು, ಬದಲಾಯಿಸಬಹುದು, ಮಾರಬಹುದು. ಆದ್ರೆ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಬರ್ನ್ ಒಪ್ಪಂದ ಹೇಳೋ ಕನಿಷ್ಠ ಅಂದ್ರೆ ಲೇಖಕರ ಜೀವಿತಾವಧಿ ಮತ್ತು ಆಮೇಲೆ 50 ವರ್ಷ. ಭಾರತದಲ್ಲಿ ಅದು 60, ಯುರೋಪಿಯನ್ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ 70. ಅಮೆರಿಕದಲ್ಲಿ 1978ರ ಮುಂಚೆ ಪ್ರಕಟ ಆಗಿರೋ ಕೃತಿಗಳಿಗೆ ಪ್ರಕಟ ಆದ ವರ್ಷದಿಂದ ಹೆಚ್ಚಂದ್ರೆ 95 ವರ್ಷ. ಎಣಿಕೆ ಸತ್ತ ದಿನದಿಂದ ಅಲ್ಲ, ಮುಂದಿನ ಜನವರಿ 1ರಿಂದ. ಉದಾಹರಣೆಗೆ 1962ರ ಯಾವುದೇ ತಿಂಗಳಲ್ಲಿ ತೀರಿಕೊಂಡ ಲೇಖಕರ, ಅವರು ಬದುಕಿದ್ದಾಗಲೇ ಪ್ರಕಟ ಆದ ಬರಹ ಭಾರತದಲ್ಲಿ 2023ರ ಜನವರಿ 1ಕ್ಕೆ ಮುಕ್ತ ಆಯ್ತು, ಆದ್ರೆ 70 ವರ್ಷದ ಲೆಕ್ಕ ಇರೋ ಕಡೆ 2033ರವರೆಗೆ ಕಾಯ್ಬೇಕು. ವೆಬ್‌ಸೈಟ್ ಎಲ್ಲಾ ದೇಶದಲ್ಲೂ ತೆರ್ಕೊಳ್ಳೋದ್ರಿಂದ ಈ ವ್ಯತ್ಯಾಸ ಸಣ್ಣದಲ್ಲ, ಕನಿಷ್ಠ ಪಕ್ಷ ನಿಮ್ಮ ದೇಶ ಮತ್ತು ನಿಮ್ಮ ಓದುಗರು ಹೆಚ್ಚಿರೋ ದೇಶ ಎರಡನ್ನೂ ನೋಡಿ.

ಇಲ್ಲಿ ಜನ ಬೀಳೋ ಗುಂಡಿ ಯಾವುದು ಅಂದ್ರೆ, ಮೂಲ ಹಳೇದು, ಆದ್ರೆ ನಿಮ್ಮ ಕೈಲಿರೋ ಪ್ರತಿ ಹೊಸದು. ಸಾವಿರ ವರ್ಷ ಹಳೇ ಕಾವ್ಯಕ್ಕೆ ಹತ್ತು ವರ್ಷದ ಹಿಂದೆ ಯಾರೋ ಹೊಸಗನ್ನಡ ಗದ್ಯಾನುವಾದ ಮಾಡಿದ್ರೆ ಆ ಗದ್ಯ ಅವರದ್ದು, ಪದ್ಯಕ್ಕೆ ಮಾತ್ರ ಹಕ್ಕಿಲ್ಲ. ಸಂಪಾದಕರ ಮುನ್ನುಡಿ, ಅಡಿಟಿಪ್ಪಣಿ, ಅರ್ಥಕೋಶ ಇವಕ್ಕೂ ಹಾಗೇ.

ಸರ್ಕಾರದ್ದೆಲ್ಲ ಫ್ರೀ ಅನ್ನೋದೂ ಅರ್ಧ ಸತ್ಯ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಅಲ್ಲಿ ಕಾಪಿರೈಟ್ ಇಲ್ಲ, ಆದ್ರೆ ಭಾರತದಲ್ಲಿ ಸರ್ಕಾರಿ ಕೃತಿಗೂ ಪ್ರಕಟ ಆದಾಗಿಂದ 60 ವರ್ಷ ಹಕ್ಕಿದೆ, ಕೋರ್ಟ್ ತೀರ್ಪು, ಗೆಜೆಟ್ ಥರದವಕ್ಕೆ ಮಾತ್ರ ವಿನಾಯಿತಿ.

ಹೆಜ್ಜೆ 4: ಲೈಸೆನ್ಸ್ ಓದಿ, ಪೂರ್ತಿ ಓದಿ

ಕೆಲವರು ಮೊದಲೇ 'ಇಂತಿಂಥ ಷರತ್ತಿಗೆ ಒಪ್ಪಿದ್ರೆ ತಗೊಳ್ಳಿ' ಅಂತ ಬರೆದಿಟ್ಟಿರ್ತಾರೆ, ಅಲ್ಲಿ ಮತ್ತೆ ಕೇಳೋದು ಬೇಡ. ಇದರಲ್ಲಿ ಹೆಚ್ಚು ಬಳಕೇಲಿರೋದು ಕ್ರಿಯೇಟಿವ್ ಕಾಮನ್ಸ್ (ಚಿಕ್ಕದಾಗಿ ಸಿಸಿ), ಮೊದಲ ಲೈಸೆನ್ಸ್‌ಗಳು ಬಂದಿದ್ದು 2002ರಲ್ಲಿ, ಈಗ ನಡೀತಿರೋ 4.0 ಆವೃತ್ತಿ 2013ರದ್ದು. ಆರು ಥರ ಇದೆ, ಆದ್ರೆ ನೆನಪಿಟ್ಕೊಳ್ಬೇಕಾಗಿರೋದು ನಾಲ್ಕು ತುಣುಕು. 'ಬೈ' ಅಂದ್ರೆ ಹೆಸರು ಹಾಕ್ಬೇಕು, ಇದು ಆರರಲ್ಲೂ ಇದೆ. 'ಎಸ್‌ಎ' ಅಂದ್ರೆ ನೀವು ಬದಲಾಯಿಸಿ ಹೊರಗೆ ಹಾಕಿದ್ದನ್ನೂ ಅದೇ ಲೈಸೆನ್ಸಲ್ಲಿ ಕೊಡ್ಬೇಕು. 'ಎನ್‌ಸಿ' ಅಂದ್ರೆ ವಾಣಿಜ್ಯ ಬಳಕೆ ಇಲ್ಲ. 'ಎನ್‌ಡಿ' ಅಂದ್ರೆ ಬದಲಾವಣೆ ಮಾಡಿ ಪ್ರಕಟಿಸೋ ಹಾಗಿಲ್ಲ. ಅನುವಾದವೂ ಬದಲಾವಣೆನೇ, ಹಾಗಾಗಿ ಎನ್‌ಡಿ ಇರೋ ಇಂಗ್ಲಿಷ್ ಲೇಖನಾನ ಕನ್ನಡಕ್ಕೆ ತಂದು ಹಾಕೋಕಾಗಲ್ಲ. ನಮ್ಮಲ್ಲಿ ಇದನ್ನ ಗಮನಿಸೋರೇ ಕಮ್ಮಿ.

ಎನ್‌ಸಿ ಬಗ್ಗೆ ಯಾವಾಗ್ಲೂ ಜಗಳ. ಸೈಟಲ್ಲಿ ಗೂಗಲ್ ಜಾಹೀರಾತು ಬರತ್ತೆ, ತಿಂಗಳಿಗೆ ಪುಡಿಗಾಸು, ಅದು ವಾಣಿಜ್ಯನಾ? ಲೈಸೆನ್ಸ್‌ನ ಮಾತು 'ಮುಖ್ಯವಾಗಿ ವಾಣಿಜ್ಯ ಲಾಭ ಅಥವಾ ಹಣದ ಪ್ರತಿಫಲದ ಉದ್ದೇಶ' ಅನ್ನೋ ಅರ್ಥದಲ್ಲಿದೆ, ಎರಡೂ ಕಡೆ ವಾದ ಮಾಡಬಹುದು. ನನ್ನ ಪ್ರಕಾರ ಜಾಹೀರಾತು ಇದ್ರೆ ಎನ್‌ಸಿ ಬರಹ ಮುಟ್ಬೇಡಿ, ಅಥವಾ ಒಂದು ಮೇಲ್ ಹಾಕಿ ಕೇಳಿ, ವಾದದಲ್ಲಿ ಗೆದ್ರೂ ಯಾರ ಬರಹ ಬಳಸಿದ್ರೋ ಅವರ ಜೊತೆ ಮನಸ್ತಾಪ ಉಳಿಯತ್ತೆ.

ವಿಕಿಪೀಡಿಯ ಪಠ್ಯ ಬೈ-ಎಸ್‌ಎ ಲೈಸೆನ್ಸಲ್ಲಿದೆ, 2023ರಿಂದ 4.0. 'ಫ್ರೀ ವಿಶ್ವಕೋಶ ತಾನೇ' ಅಂತ ಅಲ್ಲಿಂದ ಪ್ಯಾರಾಗಟ್ಲೆ ಎತ್ತಿ ಹೆಸರೂ ಹೇಳದೆ ಬಿಡೋರು ಲೈಸೆನ್ಸ್ ಮುರೀತಿದಾರೆ. ಆ ಲೇಖನದ ಪುಟಕ್ಕೆ ಲಿಂಕ್, ಲೈಸೆನ್ಸ್ ಹೆಸರು, ಬದಲಾಯಿಸಿದ್ರೆ ಬದಲಾಯಿಸಿದೀವಿ ಅನ್ನೋ ಮಾತು, ಇಷ್ಟು ಬೇಕೇ ಬೇಕು.

ಕ್ರೆಡಿಟ್ ಸಾಲು ಹೇಗಿರ್ಬೇಕು ಅಂತ ಒಂದು ಮಾದರಿ ನೋಡಿ:

'ಮೂಲ: "ಬಾವಿ ಬತ್ತೋದು ಯಾಕೆ", ಬರೆದವರು (ಲೇಖಕರ ಹೆಸರು), (ಸೈಟಿನ ಹೆಸರು). ಲೈಸೆನ್ಸ್: ಸಿಸಿ ಬೈ 4.0. ಇಂಗ್ಲಿಷಿನಿಂದ ಅನುವಾದಿಸಿದೆ, ಕೊನೆಯ ಎರಡು ಪ್ಯಾರಾ ಬಿಟ್ಟಿದೆ.'

ಶೀರ್ಷಿಕೆಗೆ ಮೂಲ ಪುಟದ ಲಿಂಕ್, ಲೇಖಕರ ಹೆಸರಿಗೆ ಅವರ ಪುಟದ ಲಿಂಕ್, ಲೈಸೆನ್ಸ್ ಹೆಸರಿಗೆ ಲೈಸೆನ್ಸ್ ಪುಟದ ಲಿಂಕ್. ಎರಡು ಸಾಲು ಅಷ್ಟೆ, ಆದ್ರೆ ಯಾರು, ಏನು, ಎಲ್ಲಿಂದ, ಯಾವ ಷರತ್ತಲ್ಲಿ, ಏನು ಬದಲಾಯ್ತು, ಎಲ್ಲಾ ಬಂತು.

ಲೈಸೆನ್ಸ್ ಇರೋ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಸಾಧ್ಯ ಆದ್ರೆ ವೇಬ್ಯಾಕ್ ಮಷೀನಲ್ಲೂ ಸೇವ್ ಮಾಡಿ. ಕ್ರಿಯೇಟಿವ್ ಕಾಮನ್ಸ್ ಒಮ್ಮೆ ಕೊಟ್ಟ ಮೇಲೆ ವಾಪಸ್ ತಗೊಳ್ಳೋಕಾಗಲ್ಲ, ಅವರು ನಾಳೆ ಪುಟದಿಂದ ಅದನ್ನ ತೆಗೆದ್ರೂ ನೀವು ತಗೊಂಡಾಗ ಇದ್ದದ್ದು ನಿಮಗೆ ನಡಿಯತ್ತೆ, ಆದ್ರೆ ಇತ್ತು ಅಂತ ತೋರಿಸೋ ಜವಾಬ್ದಾರಿ ನಿಮ್ಮದು. ಇನ್ನೊಂದು, ಲೇಖನಕ್ಕೆ ಲೈಸೆನ್ಸ್ ಇದ್ರೆ ಅದರೊಳಗಿನ ಫೋಟೋಗೂ ಇದೆ ಅಂತ ಅಲ್ಲ. ಫೋಟೋ ಬೇರೆ ಯಾರದ್ದೋ ಆಗಿರಬಹುದು, ಅಡಿಬರಹ ಓದಿ.

ಶೇರ್ ಬಟನ್ ಇರೋದು, ಆರ್‌ಎಸ್‌ಎಸ್ ಫೀಡ್ (ಹೊಸ ಲೇಖನ ಬಂದಾಗ ಓದುಗರ ಆಪ್‌ಗೆ ತಾನಾಗೇ ತಲುಪಿಸೋ ವ್ಯವಸ್ಥೆ) ಕೊಟ್ಟಿರೋದು, 'ಇಷ್ಟ ಆದ್ರೆ ಶೇರ್ ಮಾಡಿ' ಅಂತ ಬರೆದಿರೋದು, ಇವ್ಯಾವುದೂ ನಿಮ್ಮ ಸೈಟಲ್ಲಿ ಪೂರ್ತಿ ಹಾಕ್ಕೊಳ್ಳಿ ಅಂತ ಕೊಟ್ಟ ಲೈಸೆನ್ಸ್ ಅಲ್ಲ.

ಹೆಜ್ಜೆ 5: ಸ್ವಲ್ಪ ಮಾತ್ರ ಬೇಕಾದ್ರೆ, ಉದ್ಧರಿಸಿ

ಎಷ್ಟು ಪದ ತಗೊಂಡ್ರೆ ಪರವಾಗಿಲ್ಲ ಅಂತ ಎಲ್ರೂ ಕೇಳೋ ಪ್ರಶ್ನೆ. ನೂರು ಪದ, ಹತ್ತು ಪರ್ಸೆಂಟ್, ಮೂರು ಸಾಲು ಅಂತ ತರಾವರಿ ಲೆಕ್ಕ ಓಡಾಡ್ತಿರತ್ತೆ, ಎಲ್ಲಾ ಕಡೆ ನಡಿಯೋ ಅಂಥ ಸಂಖ್ಯೆ ಯಾವ್ದೂ ಇಲ್ಲ. ಎರಡು ಕೇಸ್ ಹೇಳ್ತೀನಿ. ಅಮೆರಿಕದ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಆತ್ಮಕಥನ ಇನ್ನೂ ಪುಸ್ತಕವಾಗಿ ಬಂದಿರ್ಲಿಲ್ಲ, ಸುಮಾರು 2 ಲಕ್ಷ ಪದದ ಹಸ್ತಪ್ರತಿ, ಅದು ಹೇಗೋ 'ದ ನೇಶನ್' ಪತ್ರಿಕೆ ಕೈಗೆ ಸಿಕ್ತು, ಅವರು ಅದರಿಂದ ಪದಕ್ಕೆ ಪದ ತಗೊಂಡಿದ್ದು ಬರೀ 300ರಷ್ಟು. ಆದ್ರೆ ಅದರಲ್ಲಿ ಎಲ್ರೂ ಕಾಯ್ತಿದ್ದ ಭಾಗ, ತಮಗಿಂತ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟ ಕಥೆ, ಬಂದ್ಬಿಟ್ಟಿತ್ತು. ಆಯ್ದ ಭಾಗ ಮೊದಲು ಹಾಕೋಕೆ ಒಪ್ಪಂದ ಮಾಡ್ಕೊಂಡಿದ್ದ 'ಟೈಮ್' ಪತ್ರಿಕೆ ಇನ್ನು ನಮಗ್ಯಾಕೆ ಅಂತ ಬಾಕಿ 12,500 ಡಾಲರ್ ಕೊಡ್ಲಿಲ್ಲ. 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಫೇರ್ ಯೂಸ್ (ಅನುಮತಿ ಇಲ್ದೆ ಬಳಸೋಕೆ ಕಾಯ್ದೆ ಕೊಡೋ ಅವಕಾಶ) ಅಲ್ಲ ಅಂತು. ಇನ್ನೊಂದು 2009ರ ಇನ್ಫೋಪಾಕ್ ಕೇಸ್, ಪತ್ರಿಕಾ ಲೇಖನದಿಂದ ತಗೊಂಡ 11 ಪದದ ತುಣುಕಿಗೂ ರಕ್ಷಣೆ ಇರಬಹುದು, ಅದರಲ್ಲಿ ಲೇಖಕರ ಸ್ವಂತ ಸೃಷ್ಟಿ ಕಾಣ್ತಿದ್ರೆ, ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿದ್ದು.

ಹಾಗಾದ್ರೆ ನೋಡ್ಬೇಕಾಗಿರೋದು ಏನು? ಅಮೆರಿಕದ ಫೇರ್ ಯೂಸ್ ನಾಲ್ಕು ವಿಷ್ಯ ತೂಗತ್ತೆ: ಯಾಕೆ ಬಳಸಿದ್ರಿ, ಬಳಸಿದ್ದು ಎಂಥ ಕೃತಿ, ಎಷ್ಟು ಮತ್ತು ಯಾವ ಭಾಗ ತಗೊಂಡ್ರಿ, ಇದ್ರಿಂದ ಮೂಲದ ಮಾರುಕಟ್ಟೆಗೆ ಏನಾಗತ್ತೆ. ಭಾರತ, ಬ್ರಿಟನ್ ಕಡೆ ಫೇರ್ ಡೀಲಿಂಗ್ ಅಂತಾರೆ, ಅದು ಇನ್ನೂ ಇಕ್ಕಟ್ಟು, ವಿಮರ್ಶೆ, ಸುದ್ದಿ, ಅಧ್ಯಯನ ಅಂತ ಕಾಯ್ದೆ ಹೆಸರಿಸಿರೋ ಉದ್ದೇಶಕ್ಕೆ ಹೊಂದ್ಬೇಕು. ಬರ್ನ್ ಒಪ್ಪಂದದ 10ನೇ ವಿಧಿ ಉದ್ಧರಣೆಗೆ ಅವಕಾಶ ಕೊಡತ್ತೆ, ಉದ್ದೇಶಕ್ಕೆ ಬೇಕಾದಷ್ಟೇ ಇರ್ಬೇಕು, ಮೂಲ ಮತ್ತು ಲೇಖಕರ ಹೆಸರು ಹೇಳ್ಬೇಕು ಅನ್ನತ್ತೆ.

ನಾನು ಮಾಡೋ ಪರೀಕ್ಷೆ ಇದು: ಉದ್ಧರಣೆಗಳನ್ನೆಲ್ಲ ತೆಗೆದುಹಾಕಿ ಉಳಿದಿದ್ದನ್ನ ಓದಿ. ನಿಮ್ಮ ಮಾತು ನಿಂತ್ಕೊಳ್ತಿದ್ರೆ ಸರಿ. 'ಎಷ್ಟು ಚೆನ್ನಾಗಿ ಹೇಳಿದಾರೆ ನೋಡಿ' ಅನ್ನೋ ಒಂದು ಸಾಲು ಮಾತ್ರ ಉಳಿದ್ರೆ ನೀವು ಬರೆದಿಲ್ಲ, ಅಂಟಿಸಿದೀರ. ಎರಡನೇದು, ನಿಮ್ಮದನ್ನ ಓದಿದ ಮೇಲೆ ಮೂಲ ಓದೋ ಅಗತ್ಯ ಇಲ್ಲ ಅಂತ ಆಗ್ತಿದ್ಯಾ? ಆಗ್ತಿದ್ರೆ ಜಾಸ್ತಿ ತಗೊಂಡಿದೀರ. ಕವಿತೆ, ಹಾಡಿನ ಸಾಹಿತ್ಯದ ವಿಷ್ಯದಲ್ಲಂತೂ ಇನ್ನೂ ಹುಷಾರು, ಹದಿನಾರು ಸಾಲಿನ ಪದ್ಯದಲ್ಲಿ ಎಂಟು ಸಾಲು ಅಂದ್ರೆ ಅರ್ಧ ಕೃತಿನೇ ಆಯ್ತು.

ಉದ್ಧರಿಸೋವಾಗ ಪುಟದಲ್ಲಿ ಅದು ಬೇರೆಯವರ ಮಾತು ಅಂತ ಕಣ್ಣಿಗೆ ಹೊಡೀಬೇಕು, ಬ್ಲಾಕ್‌ಕೋಟ್ ಟ್ಯಾಗ್ ಇರೋದೇ ಅದಕ್ಕೆ. ಮಧ್ಯೆ ಬಿಟ್ರೆ ಮೂರು ಚುಕ್ಕಿ, ನೀವು ಪದ ಸೇರಿಸಿದ್ರೆ ಚೌಕ ಆವರಣ. ಮುಖ್ಯವಾಗಿ ಅರ್ಥ ಕೆಡಿಸ್ಬಾರ್ದು. ಒಬ್ರು 'ಈ ಕಷಾಯ ಕೆಮ್ಮಿಗೆ ಒಳ್ಳೇದೇ, ಆದ್ರೆ ಬಿಪಿ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ಕುಡೀಬಾರ್ದು' ಅಂತ ಬರೆದಿದ್ರೆ, ನೀವು 'ಈ ಕಷಾಯ ಕೆಮ್ಮಿಗೆ ಒಳ್ಳೇದೇ...' ಅಂತ ಚುಕ್ಕಿ ಹಾಕಿ ನಿಲ್ಸಿದ್ರೆ ಚಿಹ್ನೆ ಎಲ್ಲಾ ಸರಿ ಇದ್ರೂ ಸುಳ್ಳು ಅವರ ಬಾಯಲ್ಲಿ ಹೇಳಿಸ್ದಂಗೆ. ಬರ್ನ್ ಒಪ್ಪಂದಕ್ಕೆ 1928ರಲ್ಲಿ ಸೇರಿದ ನೈತಿಕ ಹಕ್ಕುಗಳು ಇಂಥದ್ದಕ್ಕೇ ಇರೋದು, ತನ್ನ ಹೆಸರು ಇರ್ಬೇಕು ಅನ್ನೋ ಹಕ್ಕು ಮತ್ತು ತನ್ನ ಹೆಸರು ಕೆಡೋ ಹಾಗೆ ಬರಹ ತಿರುಚ್ಬಾರ್ದು ಅನ್ನೋ ಹಕ್ಕು.

ಹೆಜ್ಜೆ 6: ಸ್ವಂತ ಮಾತಲ್ಲಿ ಬರೀತೀನಿ ಅಂದ್ರೆ ನಿಜವಾಗ್ಲೂ ಸ್ವಂತ ಮಾತಲ್ಲೇ ಬರೀರಿ

ವಾಕ್ಯದಿಂದ ವಾಕ್ಯಕ್ಕೆ ಹೋಗ್ತಾ 'ಬಹಳ' ಇದ್ದ ಕಡೆ 'ತುಂಬಾ', 'ಆದ್ದರಿಂದ' ಇದ್ದ ಕಡೆ 'ಹಾಗಾಗಿ' ಹಾಕೋದು ಸ್ವಂತ ಬರಹ ಅಲ್ಲ. ಲೇಖನ ಪೂರ್ತಿ ಎಐಗೆ ಕೊಟ್ಟು 'ಬೇರೆ ಥರ ಬರೆದುಕೊಡು' ಅನ್ನೋದೂ ಅದೇ ಜಾತಿ, ಪದ ಬದಲಾದ್ರೂ ವಾದದ ಕ್ರಮ, ಉದಾಹರಣೆ, ಹೋಲಿಕೆ ಎಲ್ಲಾ ಮೂಲದವೇ ಇರತ್ತೆ. ಮೂಲ ಓದಿ, ಮುಚ್ಚಿಡಿ, ಸ್ವಲ್ಪ ಹೊತ್ತು ಬಿಟ್ಟು ನಿಮಗೆ ಅರ್ಥ ಆಗಿದ್ದನ್ನ ಮಾತ್ರ ಬರೀರಿ, ಆಮೇಲೆ ಅಂಕಿಅಂಶ ಸರಿ ಇದೆಯಾ ಅಂತಷ್ಟೇ ಮೂಲ ತೆಗೆದು ನೋಡಿ. ಒಂದೇ ಮೂಲ ಇಟ್ಕೊಂಡ್ರೆ ಅದರ ನೆರಳು ಬಿದ್ದೇ ಬೀಳತ್ತೆ, ಎರಡು ಮೂರು ಓದಿ. ಇಷ್ಟೆಲ್ಲ ಮಾಡಿದ ಮೇಲೂ 'ಈ ವಿಷ್ಯ ನನಗೆ ಗೊತ್ತಾಗಿದ್ದು ಇಂಥವರ ಇಂಥ ಲೇಖನದಿಂದ' ಅಂತ ಲಿಂಕ್ ಕೊಡಿ. ಐಡಿಯಾಗೆ ಕಾಪಿರೈಟ್ ಇಲ್ಲ ಅನ್ನೋದು ನಿಜ, ಆದ್ರೂ ಇನ್ನೊಬ್ರು ತಿಂಗಳುಗಟ್ಲೆ ಕೂತು ಹುಡುಕಿದ್ದನ್ನ ನಾವೇ ಹುಡುಕಿದ ಹಾಗೆ ಬರೆಯೋದು ಮರ್ಯಾದಸ್ಥರ ಕೆಲ್ಸ ಅಲ್ಲ.

ಅನುವಾದ, ಭಾವಾನುವಾದ, ರೂಪಾಂತರ ಅಂತ ಯಾವ ಹೆಸರಿಟ್ರೂ ಹಕ್ಕಿರೋ ಬರಹಕ್ಕೆ ಅನುಮತಿ ಬೇಕು. 'ನಾನೇ ಕಷ್ಟಪಟ್ಟು ಅನುವಾದ ಮಾಡಿದೀನಲ್ಲ' ಅಂದ್ರೆ, ಕಷ್ಟ ನಿಮ್ಮದೇ ಸರಿ, ಮೂಲ ನಿಮ್ಮದಲ್ಲ.

ಹೆಜ್ಜೆ 7: ಕೇಳಿ

ಇದು ಎಲ್ಲಕ್ಕಿಂತ ಸುಲಭ, ಮತ್ತೆ ಎಲ್ಲಕ್ಕಿಂತ ಕಮ್ಮಿ ಜನ ಮಾಡೋದು. ಬರೆಯೋರಿಗೆ ತಮ್ಮ ಬರಹ ಇನ್ನಷ್ಟು ಜನ ಓದ್ತಾರೆ ಅಂದ್ರೆ ಬಹುಪಾಲು ಸಂತೋಷಾನೇ, ಕೋಪ ಬರೋದು ಕೇಳದೆ ಹಾಕಿದಾಗ. ಆದ್ರೆ 'ನಿಮ್ಮ ಲೇಖನ ಬಳಸ್ಕೊಳ್ಳಬಹುದಾ' ಅಂತ ಒಂದೇ ಸಾಲು ಕಳ್ಸಿದ್ರೆ ಅವರಿಗೂ ಏನು ಹೇಳ್ಬೇಕು ಅಂತ ತಿಳಿಯಲ್ಲ. ಹೀಗೆ ಬರೀರಿ:

'ನಮಸ್ಕಾರ. ನಾನು (ಹೆಸರು), (ಸೈಟ್ ವಿಳಾಸ) ನಡೆಸ್ತೀನಿ. ನಿಮ್ಮ "ಬಾವಿ ಬತ್ತೋದು ಯಾಕೆ" ಲೇಖನವನ್ನ (ಲಿಂಕ್) ಕನ್ನಡಕ್ಕೆ ಅನುವಾದಿಸಿ ನಮ್ಮ ಸೈಟಲ್ಲಿ ಪೂರ್ತಿ ಪ್ರಕಟಿಸೋಕೆ ಅನುಮತಿ ಕೇಳ್ತಿದೀನಿ. ಓದೋಕೆ ದುಡ್ಡು ತಗೊಳ್ಳಲ್ಲ, ಪುಟದಲ್ಲಿ ಜಾಹೀರಾತು ಇರತ್ತೆ. ಮೇಲ್ಗಡೆನೇ ನಿಮ್ಮ ಹೆಸರು, ಮೂಲ ಲೇಖನದ ಲಿಂಕ್ ಹಾಕ್ತೀನಿ. ಅನುವಾದ ಪ್ರಕಟಿಸೋ ಮುಂಚೆ ನಿಮಗೆ ಕಳಿಸ್ತೀನಿ. ನೀವು ಯಾವಾಗ ಹೇಳಿದ್ರೂ ತೆಗೀತೀನಿ. ಇದರ ಹಕ್ಕು ಪ್ರಕಾಶಕರ ಹತ್ರ ಇದ್ರೆ ಯಾರನ್ನ ಕೇಳ್ಬೇಕು ಅಂತ ತಿಳಿಸ್ತೀರಾ? ಲೇಖನದಲ್ಲಿರೋ ಚಿತ್ರಗಳು ನಿಮ್ಮವೇನಾ?'

ಜಾಹೀರಾತಿನ ವಿಷ್ಯ ಮುಚ್ಚಿಡ್ಬೇಡಿ, ಆಮೇಲೆ ಅವರಾಗೇ ನೋಡಿದ್ರೆ ಅನುಮತಿ ಕೊಟ್ಟಿದ್ದಕ್ಕೇ ಬೇಜಾರಾಗತ್ತೆ. ಇಡೀ ಪತ್ರದಲ್ಲಿ ಕೊನೇ ಎರಡು ಪ್ರಶ್ನೆ ತುಂಬಾ ಮುಖ್ಯ, ಆ ಲೇಖಕರಿಗೇ ಎಷ್ಟೋ ಸಲ ತಾವು ಯಾವ ಹಕ್ಕು ಬರೆದುಕೊಟ್ಟಿದೀವಿ ಅಂತ ನೆನಪಿರಲ್ಲ, ನೀವು ಕೇಳಿದ್ರೆ ಒಪ್ಪಂದ ತೆಗೆದು ನೋಡ್ತಾರೆ.

ಉತ್ತರ ಬರ್ಲಿಲ್ಲ ಅಂದ್ರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ. ಆಮೇಲೂ ಇಲ್ಲ ಅಂದ್ರೆ ಇಲ್ಲ ಅಂತಲೇ ಅರ್ಥ. 'ಹದಿನೈದು ದಿನದಲ್ಲಿ ಉತ್ತರ ಬರದಿದ್ರೆ ಒಪ್ಪಿಗೆ ಅಂತ ತಿಳ್ಕೊಳ್ತೀವಿ' ಅಂತ ಕಳಿಸೋರೂ ಇದಾರೆ, ಇದು ಬರೀ ದಬಾವಣೆ. ಫೋನಲ್ಲಿ ಹೂಂ ಅಂದ್ರೆ ಅದೇ ದಿನ 'ನಾವು ಮಾತಾಡಿದ ಹಾಗೆ' ಅಂತ ವಿವರ ಬರೆದು ಮೇಲ್ ಹಾಕಿ, ಅವರಿಂದ ಒಂದು 'ಸರಿ' ಬರಿಸ್ಕೊಳ್ಳಿ. ದುಡ್ಡು ಕೇಳಿದ್ರೆ ಬೇಜಾರ್ ಮಾಡ್ಕೋಬೇಡಿ, ಬರೆಯೋದು ಅವರ ಕೆಲ್ಸ, ಆಗತ್ತೆ ಅಂದ್ರೆ ಕೊಡಿ, ಇಲ್ಲ ಅಂದ್ರೆ ಲಿಂಕ್ ಕೊಡ್ತೀನಿ ಅಂತ ಹೇಳಿ. 'ನಿಮಗೆ ಪ್ರಚಾರ ಸಿಗತ್ತಲ್ಲ' ಅನ್ನೋ ಮಾತು ಮಾತ್ರ ಆಡ್ಬೇಡಿ.

ಹೆಜ್ಜೆ 8: ಪುಟದಲ್ಲಿ ಹಾಕೋವಾಗ

ಕ್ರೆಡಿಟ್ ಮೇಲೆ ಇರ್ಲಿ, ಶೀರ್ಷಿಕೆ ಕೆಳಗೇ. ಪುಟದ ತಳದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಹಾಕಿ ಮೇಲ್ಗಡೆ ನಿಮ್ಮ ಹೆಸರು, ಫೋಟೋ ಹಾಕಿದ್ರೆ ಓದೋರು ನೀವೇ ಬರೆದಿದ್ದು ಅಂದ್ಕೊಳ್ತಾರೆ. ಬಹಳಷ್ಟು ಸಾಫ್ಟ್‌ವೇರ್‌ಗಳು ಪೋಸ್ಟ್ ಹಾಕಿದೋರ ಹೆಸರನ್ನೇ ಲೇಖಕರು ಅಂತ ತಾನಾಗೇ ತೋರಿಸ್ತವೆ, ಅದನ್ನ ಬದಲಾಯಿಸಿ. ಮೊದಲು ಪ್ರಕಟ ಆದ ದಿನಾಂಕನೂ ಹಾಕಿ, ಹಳೇ ಲೇಖನ ಇವತ್ತಿನ ತಾರೀಖಲ್ಲಿ ಬಂದ್ರೆ ಓದುಗರಿಗೂ ಮೋಸ.

ಇನ್ನು ಸರ್ಚ್ ವಿಷ್ಯ. ಅದೇ ಪಠ್ಯ ಎರಡು ಕಡೆ ಇದ್ದಾಗ ನಿಮ್ಮ ಸೈಟ್ ದೊಡ್ಡದಿದ್ರೆ ಸರ್ಚಲ್ಲಿ ನಿಮ್ಮದು ಮೇಲೆ ಬಂದು ಮೂಲ ಕೆಳಗೆ ಹೋಗೋ ಸಾಧ್ಯತೆ ಇದೆ, ಅನುಮತಿ ಕೊಟ್ಟ ಪುಣ್ಯಾತ್ಮರಿಗೇ ಹೊಡೆತ. ಇದಕ್ಕೆ ಕ್ಯಾನನಿಕಲ್ ಟ್ಯಾಗ್ ಅಂತ 2009ರಿಂದ ಇದೆ, ಮೂಲ ಅಲ್ಲಿದೆ ಅಂತ ಸರ್ಚ್ ಎಂಜಿನ್‌ಗೆ ಹೇಳೋದು. ಆದ್ರೆ ಅದು ಬರೀ ಸೂಚನೆ, ಪಾಲಿಸ್ಲೇಬೇಕು ಅಂತಿಲ್ಲ, ಹಾಗಾಗಿ ಬೇರೆಯವರ ಲೇಖನ ಮರುಪ್ರಕಟಿಸೋ ಸೈಟುಗಳು ನೋಇಂಡೆಕ್ಸ್ (ಈ ಪುಟ ಸರ್ಚಲ್ಲಿ ತೋರಿಸ್ಬೇಡಿ ಅನ್ನೋ ಗುರುತು) ಹಾಕೋದು ಒಳ್ಳೇದು ಅಂತ ಗೂಗಲ್ 2023ರಿಂದ ಹೇಳ್ತಿದೆ. ನೋಇಂಡೆಕ್ಸ್ ಹಾಕಿದ್ರೆ ಸರ್ಚಿಂದ ನಿಮಗೆ ಓದುಗರು ಬರಲ್ಲ, ಗೊತ್ತು. ಸರ್ಚ್ ಓದುಗರಿಗೋಸ್ಕರಾನೇ ಬೇರೆಯವರ ಲೇಖನ ಹಾಕ್ತಿದೀರ ಅಂದ್ರೆ ಅನುಮತಿ ಕೇಳೋವಾಗ್ಲೇ ಅದನ್ನೂ ಹೇಳಿ. ಅನುವಾದಕ್ಕೆ ಈ ರಗಳೆ ಇಲ್ಲ, ಭಾಷೆ ಬೇರೆ ಆದ್ರೆ ಸರ್ಚ್ ಎಂಜಿನ್ ಅದನ್ನ ನಕಲು ಪುಟ ಅಂತ ಲೆಕ್ಕಕ್ಕೆ ತಗೊಳ್ಳಲ್ಲ.

ಹೆಜ್ಜೆ 9: ಲೆಕ್ಕ ಇಡಿ

ಒಂದು ಸ್ಪ್ರೆಡ್‌ಶೀಟ್ ಸಾಕು. ನಿಮ್ಮ ಪುಟದ ವಿಳಾಸ, ಮೂಲದ ವಿಳಾಸ, ಲೇಖಕರು, ಯಾವ ಆಧಾರದ ಮೇಲೆ ಹಾಕಿದ್ದು (ಅನುಮತಿ, ಲೈಸೆನ್ಸ್, ಅವಧಿ ಮುಗಿದದ್ದು, ಉದ್ಧರಣೆ), ಅನುಮತಿ ಕೊಟ್ಟ ಇಮೇಲ್‌ನ ದಿನಾಂಕ, ಅವಧಿ ಇದ್ರೆ ಅದು ಮುಗಿಯೋ ದಿನ. ಮೇಲ್‌ಗಳನ್ನ ಪಿಡಿಎಫ್ ಮಾಡಿ ಒಂದು ಫೋಲ್ಡರಲ್ಲಿ ಇಡಿ.

ಹೆಜ್ಜೆ 10: ತಕರಾರು ಬಂದ್ರೆ

ಎಷ್ಟೇ ಹುಷಾರಾಗಿದ್ರೂ ಒಂದಲ್ಲ ಒಂದು ದಿನ 'ನಮ್ಮ ಲೇಖನ ತೆಗೀರಿ' ಅಂತ ಮೇಲ್ ಬರಬಹುದು. ಮೊದಲು ಪುಟ ಕೆಳಗಿಳಿಸಿ, ಡಿಲೀಟ್ ಬೇಡ, ಡ್ರಾಫ್ಟ್ ಮಾಡಿ, ಆಮೇಲೆ ಲೆಕ್ಕದ ಹಾಳೆ ತೆಗೆದು ನೋಡಿ. ನಿಮ್ಮ ಹತ್ರ ಆಧಾರ ಇದ್ರೆ ಮೇಲ್ ಸಮೇತ ವಿನಯವಾಗಿ ತೋರಿಸಿ ವಾಪಸ್ ಹಾಕಿ, ಇಲ್ಲ ಅಂದ್ರೆ ಕ್ಷಮೆ ಕೇಳಿ ಬಿಟ್ಬಿಡಿ. ಕ್ರಿಯೇಟಿವ್ ಕಾಮನ್ಸ್ 4.0ರಲ್ಲಿ ಷರತ್ತು ಮೀರಿದ್ದು ಗೊತ್ತಾದ 30 ದಿನದೊಳಗೆ ಸರಿ ಮಾಡಿದ್ರೆ ಲೈಸೆನ್ಸ್ ತಾನಾಗೇ ಮತ್ತೆ ಚಾಲ್ತಿಗೆ ಬರತ್ತೆ, ಹಾಗಾಗಿ ಹೆಸರು ಬಿಟ್ಟುಹೋಗಿದ್ರೆ ತಕ್ಷಣ ಸೇರಿಸಿ. ನಿಮ್ಮ ಹೋಸ್ಟಿಂಗ್ ಕಂಪನಿ ಅಮೆರಿಕದ್ದಾದ್ರೆ ದೂರು ನಿಮಗೆ ಬರೋ ಬದಲು ನೇರ ಅವರಿಗೇ ಹೋಗಬಹುದು, ಅಲ್ಲಿನ 1998ರ ಡಿಎಂಸಿಎ (ಡಿಜಿಟಲ್ ಕಾಪಿರೈಟ್) ಕಾಯ್ದೆ ಪ್ರಕಾರ ಅವರು ಪುಟ ಇಳಿಸ್ತಾರೆ. ದೂರು ತಪ್ಪು ಅನ್ಸಿದ್ರೆ ನೀವು ಪ್ರತಿ-ನೋಟಿಸ್ ಕೊಡಬಹುದು, ದೂರು ಕೊಟ್ಟೋರು ಕೋರ್ಟಿಗೆ ಹೋಗದಿದ್ರೆ 10ರಿಂದ 14 ಕೆಲಸದ ದಿನದಲ್ಲಿ ಪುಟ ವಾಪಸ್ ಬರತ್ತೆ. ಆದ್ರೆ ಅದನ್ನ ಸುಳ್ಳು ಹೇಳಿದ್ರೆ ಶಿಕ್ಷೆಗೆ ಒಪ್ತೀನಿ ಅಂತ ಪ್ರಮಾಣ ಮಾಡಿ ಕೊಡ್ಬೇಕು, ಸಿಟ್ಟಲ್ಲಿ ಕಳಿಸೋ ಕಾಗದ ಅಲ್ಲ ಅದು.

ಇನ್ನೊಂದು ಸಂದರ್ಭ ಜನ ಯೋಚ್ನೆನೇ ಮಾಡಿರಲ್ಲ, ಸೈಟನ್ನ ಬೇರೆಯವರಿಗೆ ಮಾರೋದು ಅಥವಾ ಅದರ ಲೇಖನಗಳನ್ನ ಪುಸ್ತಕ ಮಾಡೋದು. ನಿಮಗೆ ಸಿಕ್ಕ ಅನುಮತಿ ನಿಮಗೆ, ಆ ಸೈಟಿಗೆ, ಆ ಬಳಕೆಗೆ ಅಂತ ಇದ್ರೆ ಅದು ಕೊಂಡೋರಿಗೆ ವರ್ಗ ಆಗಲ್ಲ, ಮುದ್ರಣಕ್ಕೂ ನಡಿಯಲ್ಲ. ಹಾಳೆ ತೆಗೆದು 'ಅನುಮತಿ' ಅಂತ ಬರೆದಿರೋ ಪ್ರತಿ ಸಾಲಿಗೂ ಮತ್ತೆ ಒಂದೊಂದು ಮೇಲ್ ಹಾಕ್ಬೇಕು, ಉತ್ತರ ಬರದೇ ಇರೋ ಪುಟಗಳನ್ನ ಮಾರೋ ಮುಂಚೆನೇ ಇಳಿಸ್ಬೇಕು.